ಸಣ್ಣ ಗಾಯ: ಯಾರಿಗೆ ಸಣ್ಣದು?



ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನಮ್ಮ ಸಂಘದ ಹೆಣ್ಣುಮಗಳೊಬ್ಬಳನ್ನು ಕರೆದುಕೊಂಡು ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಹುಬ್ಬಿನ ಮೇಲೆ ಸೀಳಿತ್ತು, ಸೆರಗೆಲ್ಲ ರಕ್ತ. ಗಂಡನೂ ಹಿಂದೆಯೇ ಬಂದ. ಚೀಟಿ ಮಾಡಿಸಿ, ಅಪಘಾತದ ಕೇಸುಗಳ ನಡುವೆ ಎರಡು ಗಂಟೆ ಕಾದ ಮೇಲೆ ಡ್ಯೂಟಿ ಡಾಕ್ಟರು ತಲೆ ಎತ್ತದೆ "ಏನಾಯ್ತಮ್ಮ?" ಎಂದರು. ಉತ್ತರ ಕೊಟ್ಟವನು ಗಂಡ: "ಬಚ್ಚಲಲ್ಲಿ ಜಾರಿ ಬಿದ್ಳು ಸಾರ್." ಹಾಗೆಂದೇ ದಾಖಲಾಯಿತು. ಮೂರು ಹೊಲಿಗೆ, ಒಂದು ಟಿ.ಟಿ. ಇಂಜೆಕ್ಷನ್, ಐದು ದಿನ ಬಿಟ್ಟು ಬನ್ನಿ ಎಂಬ ಮಾತು. ಆಕೆ ಮತ್ತೆ ಹೋಗಲಿಲ್ಲ. ಎರಡು ಬಸ್ಸು ಬದಲಿಸಬೇಕು, ಗಾರ್ಮೆಂಟ್ಸಿನಲ್ಲಿ ಅರ್ಧ ದಿನದ ಸಂಬಳ ಹೋಗುತ್ತದೆ. ಹೊಲಿಗೆಯನ್ನು ಪಕ್ಕದ ಮನೆಯಾಕೆ ಬ್ಲೇಡಿನಲ್ಲಿ ಬಿಚ್ಚಿದಳು. ಆ ರಾತ್ರಿ ನಾನೂ ಗಂಡನ ಮಾತಿಗೆ ಎದುರಾಡಲಿಲ್ಲ. "ಬೇಡ ಅಕ್ಕಾ" ಎನ್ನುತ್ತಿದ್ದ ಅವಳ ಕಣ್ಣಿಗೆ ಹೆದರಿದೆ.

ಇಂಥ ಗಾಯಗಳಿಗೆ ದೊಡ್ಡಾಸ್ಪತ್ರೆ ಬೇಡ, ಓಣಿಯಲ್ಲೇ ಚಿಕಿತ್ಸೆ ಸಿಗಬೇಕು ಎಂಬ ಮಾತು ಈಗ ಸರ್ಕಾರದ ನೀತಿಯೇ ಆಗಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕ್ಷೇಮ ಕೇಂದ್ರಗಳ ಸೇವಾಪಟ್ಟಿಯಲ್ಲಿ ಸುಟ್ಟಗಾಯ ಮತ್ತು ಪೆಟ್ಟಿನ ತುರ್ತು ಚಿಕಿತ್ಸೆಯೂ ಸೇರಿದೆ. ನಮ್ಮ ರಾಜ್ಯದ ನಗರಗಳಿಗೆಂದು 2022ರ ಡಿಸೆಂಬರಿನಿಂದ ನಮ್ಮ ಕ್ಲಿನಿಕ್‌ಗಳು ಬಂದವು. ಒಬ್ಬ ಡಾಕ್ಟರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಶಿಯನ್, ಒಬ್ಬ ಸಹಾಯಕರು. ಡ್ರೆಸಿಂಗಿಗೆ, ಎರಡು ಹೊಲಿಗೆಗೆ ಇಷ್ಟು ಸಾಕು. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಇಂಥ ಕೇಂದ್ರವನ್ನು ಮಂಜೂರು ಮಾಡುವವರು ಸಣ್ಣ ಗಾಯ ಎಂದಾಗ ಯಾರನ್ನು ನೆನೆಯುತ್ತಾರೆ? ಆಟದಲ್ಲಿ ಮೊಣಕಾಲು ತರಚಿಕೊಂಡ ಹುಡುಗ, ಸ್ಕೂಟರಿನಿಂದ ಬಿದ್ದ ಯುವಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅವರ ಗಾಯಗಳೆಲ್ಲ ಎಲ್ಲಿಗೆ ಹೋದವು? ಅರಿಶಿನಕ್ಕೆ, ಮೆಡಿಕಲ್ ಶಾಪಿನ ಮುಲಾಮಿಗೆ, ತುಂಬು ತೋಳಿನ ರವಿಕೆಗೆ.

ಕಾನೂನಿಗೂ ಇವು ಸಣ್ಣವೇ. ಹಲ್ಲು ಬೀಳಬೇಕು, ಮೂಳೆ ಮುರಿಯಬೇಕು, ಅಥವಾ ಇಷ್ಟು ದಿನ ತೀವ್ರ ನೋವಿನಲ್ಲಿ ನರಳಬೇಕು, ಆಗ ಅದು ತೀವ್ರ ಗಾಯ. ಈ ದಿನಗಳ ಲೆಕ್ಕ ಭಾರತೀಯ ದಂಡ ಸಂಹಿತೆಯಲ್ಲಿ 20 ಇತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 15. ಉಳಿದದ್ದೆಲ್ಲ ಸಾಧಾರಣ ಗಾಯ. ಅಷ್ಟಕ್ಕೇ ಆದರೆ ಪೊಲೀಸರು ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಗೂ ಇಳಿಯುವಂತಿಲ್ಲ.

ಆದರೆ ಅದೇ ಕಾನೂನು ಹೆಣ್ಣು ಸತ್ತ ಮೇಲೆ ಬೇರೊಂದು ಪ್ರಶ್ನೆ ಕೇಳುತ್ತದೆ. ವರದಕ್ಷಿಣೆ ಸಾವು ಎನ್ನಬೇಕಾದರೆ ಮದುವೆಯಾಗಿ ಏಳು ವರ್ಷದೊಳಗೆ ಅಸಹಜವಾಗಿ ಸತ್ತಿರಬೇಕು. ಅಷ್ಟೇ ಅಲ್ಲ, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಆಕೆಗೆ ಕಿರುಕುಳ ಕೊಟ್ಟದ್ದು ರುಜುವಾತಾಗಬೇಕು. ಹಳೆಯ 304ಬಿ ಕಲಮಿನಲ್ಲಿ ಹೀಗಿತ್ತು, ಹೊಸ ಸಂಹಿತೆಯ 80ನೇ ಕಲಮಿನಲ್ಲೂ ಹೀಗೇ ಇದೆ. ತವರಿನವರು ಹೇಳಿದರೆ 'ಸಂಬಂಧಿಕರ ಮಾತು' ಎನ್ನುತ್ತಾರೆ. ನೆರೆಯವರು ಬಾಯಿ ಬಿಡುವುದಿಲ್ಲ. ಬೆಂಗಳೂರಿನಲ್ಲಿ 1990ರ ದಶಕದಲ್ಲಿ ವಿಮೋಚನಾದ ಗೆಳತಿಯರು ಸುಟ್ಟಗಾಯದ ವಾರ್ಡಿಗೂ ಠಾಣೆಗೂ ಅಲೆದು, ಸ್ಟೌ ಸಿಡಿತ, ಅಡುಗೆಮನೆಯ ಆಕಸ್ಮಿಕ ಎಂದು ಮುಚ್ಚಿದ ಸಾವುಗಳ ಕಡತ ಬಿಚ್ಚಿಸಿದರು. ಹಾಗೆ ಸತ್ತವರಲ್ಲಿ ಎಷ್ಟೋ ಮಂದಿ ಮೊದಲ ಸಲ ಪೆಟ್ಟು ತಿಂದದ್ದು ಸತ್ತ ದಿನವಲ್ಲ. ಮೊದಲು ಕೆನ್ನೆ, ಆಮೇಲೆ ತೋಳು, ಆಮೇಲೆ ಕಾಯಿಸಿದ ಸೌಟು. ಆ ದಿನಗಳಲ್ಲಿ ಒಬ್ಬ ನರ್ಸ್ ದಿನಾಂಕ ಹಾಕಿ ಒಂದು ಸಾಲು ಬರೆದಿಟ್ಟಿದ್ದರೆ ಅದು ಯಾರ ಸಂಬಂಧಿಕರ ಮಾತೂ ಆಗುತ್ತಿರಲಿಲ್ಲ.

ಸಾಕ್ಷ್ಯದ ಮಾತು ಒತ್ತಟ್ಟಿಗಿರಲಿ, ಅವಳು ಬದುಕಿರಬೇಕಾದದ್ದು ಮೊದಲು. ಇಲ್ಲಿ ಹತ್ತಿರದ ಕ್ಲಿನಿಕ್ ಮಾಡಬಹುದಾದದ್ದನ್ನು ದೊಡ್ಡಾಸ್ಪತ್ರೆ ಮಾಡಲಾರದು. ಗಾಯ ಒಂದೇ ದಿನದ ಕೆಲಸವಲ್ಲ. ಎರಡು ದಿನಕ್ಕೊಮ್ಮೆ ಡ್ರೆಸಿಂಗ್ ಬದಲಿಸಬೇಕು, ಮುಖದ ಹೊಲಿಗೆ ಐದಾರು ದಿನಕ್ಕೆ, ಕೈಯದು ಹತ್ತು ದಿನಕ್ಕೆ ಬಿಚ್ಚಬೇಕು. ಮೊದಲ ದಿನ "ಜಾರಿ ಬಿದ್ದೆ ಸಿಸ್ಟರ್" ಎಂದವಳು ಮೂರನೆಯ ಡ್ರೆಸಿಂಗಿನಲ್ಲಿ, ಗಂಡ ಕೆಲಸಕ್ಕೆ ಹೋಗಿರುವಾಗ, ಅದೇ ಸಿಸ್ಟರ್ ಕೈ ಹಿಡಿದು ಬ್ಯಾಂಡೇಜು ಸುತ್ತುವಾಗ, ನಿಜ ಹೇಳಬಹುದು. ಜಾರಿ ಬಿದ್ದವರಿಗೆ ಸಾಮಾನ್ಯವಾಗಿ ಪೆಟ್ಟಾಗುವುದು ಅಂಗೈಗೆ, ಮೊಣಕಾಲಿಗೆ. ಕಣ್ಣಿನ ಸುತ್ತ, ತೋಳಿನ ಒಳಮಗ್ಗುಲಿಗೆ, ಹೊಡೆತ ತಡೆಯಲು ಎತ್ತಿದ ಮುಂಗೈಗೆ ಅಲ್ಲ. ಇದು ಯಾವ ನರ್ಸಿಗೆ ತಿಳಿಯದು? ಕೇಳಲು ಹೊತ್ತು ಬೇಕು, ಮರೆ ಬೇಕು, ಕೇಳು ಎಂದು ಮೇಲಿನವರು ಹೇಳಿರಬೇಕು. 2001ರಲ್ಲಿ ಮುಂಬಯಿಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಪಾಲಿಕೆ ಮತ್ತು ಸೆಹತ್ ಸಂಸ್ಥೆ ಸೇರಿ ಆರಂಭಿಸಿದ ದಿಲಾಸಾ ಕೇಂದ್ರ, ಕೇಳಲು ಕಲಿಸಿದರೆ ಆಸ್ಪತ್ರೆಯವರು ಕೇಳುತ್ತಾರೆ ಎಂದು ತೋರಿಸಿತು.

ಹತ್ತಿರ ಎಂಬುದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಊರಿನ ಉಪಕೇಂದ್ರದ ಸಿಸ್ಟರ್ ಅತ್ತೆಗೆ ಪರಿಚಯ. ಆಶಾ ಕಾರ್ಯಕರ್ತೆ ಅದೇ ಬೀದಿಯ ಸೊಸೆ. ದೊಡ್ಡಾಸ್ಪತ್ರೆಯ ಜನಜಂಗುಳಿಯಲ್ಲಿ ಯಾರೂ ನಮ್ಮನ್ನು ಗುರುತಿಸರು ಎಂಬ ಒಂದು ನೆಮ್ಮದಿಯಾದರೂ ಇತ್ತು. ಅಲ್ಲಿ ಎಂ.ಎಲ್.ಸಿ. ಪುಸ್ತಕವೂ ಇತ್ತು. ಗಾಯವನ್ನು ಓಣಿಗೆ ತಂದು ಪುಸ್ತಕವನ್ನು ಅಲ್ಲೇ ಬಿಟ್ಟರೆ, ನಮ್ಮ ಗಾಯಗಳು ಇನ್ನಷ್ಟು ಅಚ್ಚುಕಟ್ಟಾಗಿ ಮಾಯವಾಗುತ್ತವೆ.

ಆದ್ದರಿಂದ ಮಂಜೂರಾತಿ ಆದೇಶದಲ್ಲೇ ಕೆಲವು ಮಾತು ಬರೆಯಿಸಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ವೈದ್ಯಕೀಯ ಸೌಲಭ್ಯ ಎಂದರೆ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಹೆಸರಿಸಿದ ಕೇಂದ್ರ. ಹೊಸ ಕ್ಲಿನಿಕ್ ತೆರೆದ ದಿನವೇ ಆ ಅಧಿಸೂಚನೆಯೊಳಗೆ ಬರಬೇಕು. ಬಂದರೆ 2006ರ ನಿಯಮಗಳ 17ನೇ ನಿಯಮ ಅದಕ್ಕೆ ಅನ್ವಯಿಸುತ್ತದೆ: ಮೊದಲು ವರದಿ ಕೊಟ್ಟಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ; ಕೌಟುಂಬಿಕ ಘಟನಾ ವರದಿ ಇನ್ನೂ ಆಗಿರದಿದ್ದರೆ ಕೇಂದ್ರದವರೇ ನಮೂನೆ ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು; ಪರೀಕ್ಷಾ ವರದಿಯ ಪ್ರತಿಯನ್ನು ಆಕೆಗೆ ಉಚಿತವಾಗಿ ಕೊಡಬೇಕು. ನಮ್ಮ ತಾಲ್ಲೂಕುಗಳಲ್ಲಿ ಸಂರಕ್ಷಣಾಧಿಕಾರಿ ಎಂದರೆ ಅಂಗನವಾಡಿ ನೋಡಿಕೊಳ್ಳುವ ಸಿ.ಡಿ.ಪಿ.ಓ. ಅವರೇ. ಕ್ಲಿನಿಕ್‌ನವರಿಗೆ ಅವರ ಹೆಸರಾದರೂ ಗೊತ್ತಿದೆಯೇ? ಕೇಳಿ ನೋಡಿ. ಪ್ರತಿಯನ್ನು ಮನೆಗೆ ಒಯ್ಯಲಾರದವಳಿಗೆ ಅದನ್ನು ಕೇಂದ್ರದಲ್ಲೇ ಬೀಗದೊಳಗೆ ಇಟ್ಟುಕೊಡುವ ಏರ್ಪಾಡೂ ಬೇಕು.

ಎಲ್ಲವೂ ಸಣ್ಣ ಗಾಯವಲ್ಲ ಎಂಬುದನ್ನೂ ಗೋಡೆಯ ಮೇಲೆ ಬರೆಯಬೇಕು. ಕುತ್ತಿಗೆ ಹಿಸುಕಿದ್ದರೆ ಹೊರಗೆ ಗುರುತೇ ಕಾಣದಿರಬಹುದು. ಸ್ವರ ಒಡೆದಿದೆಯೇ, ನುಂಗಲು ನೋವೇ ಎಂದು ಕೇಳಬೇಕು, ಮತ್ತು ತಡಮಾಡದೆ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಬಸುರಿಯ ಹೊಟ್ಟೆಗೆ ಬಿದ್ದ ಒದೆ, ತಲೆಗೆ ಪೆಟ್ಟಾಗಿ ವಾಂತಿ ಇವೂ ಹಾಗೆಯೇ.

ಇನ್ನು ವೇಳೆ. ನಮ್ಮ ಕ್ಲಿನಿಕ್‌ಗಳು ತೆರೆದಾಗ ಗೊತ್ತುಪಡಿಸಿದ ಹೊತ್ತು ಬೆಳಿಗ್ಗೆ 9ರಿಂದ ಸಂಜೆ 4.30. ಯಾವ ಗಂಡ ಸಂಜೆ ನಾಲ್ಕೂವರೆಯೊಳಗೆ ಹೊಡೆದು ಮುಗಿಸುತ್ತಾನೆ? ಕುಡಿದು ಬರುವುದು ರಾತ್ರಿ. ಗಾರ್ಮೆಂಟ್ಸಿನವಳು ಮನೆ ಸೇರುವುದೇ ಕತ್ತಲಾದ ಮೇಲೆ. ವಾರಕ್ಕೆ ಮೂರು ದಿನವಾದರೂ ಒಂಬತ್ತು ಗಂಟೆವರೆಗೆ ತೆರೆದಿರಲಿ ಎಂದರೆ ಸಿಬ್ಬಂದಿ ಇಲ್ಲ ಎನ್ನುತ್ತಾರೆ. ಆ ಒಬ್ಬಳೇ ನರ್ಸಿನ ಮೇಲೆ ರಾತ್ರಿ ಪಾಳಿಯನ್ನೂ ಹೇರಬೇಕೆಂದು ನಾನು ಕೇಳುತ್ತಿಲ್ಲ. ಆಕೆಯೂ ಒಬ್ಬ ಹೆಣ್ಣು. ಕುಡಿದ ಗಂಡ ಬಾಗಿಲಿಗೆ ಬಂದು ನಿಂತರೆ ಆಕೆಗೂ ರಕ್ಷಣೆ ಬೇಕು. ಇನ್ನೊಬ್ಬ ನರ್ಸನ್ನೂ ಒಬ್ಬ ಕಾವಲಿನವರನ್ನೂ ಕೊಡಿ ಎಂಬುದೇ ಬೇಡಿಕೆ.

ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಗೆ ನಮ್ಮ ಸಂಘದಿಂದ ಇಬ್ಬರು ಹೋಗುತ್ತಿದ್ದೇವೆ. ಕಳೆದ ವಾರ ನಮ್ಮ ಬಡಾವಣೆಯ ಕ್ಲಿನಿಕ್ಕಿಗೆ ಹೋಗಿ ರಿಜಿಸ್ಟರ್ ಹೇಗಿದೆ ಎಂದು ನೋಡಿ ಬಂದೆ. ಹೆಸರು, ವಯಸ್ಸು, ಕಾಯಿಲೆ, ಔಷಧಿ. "ಗಾಯ ಹೇಗಾಯ್ತು ಅಂತ ಬರೆಯೋಕೆ ಕಾಲಂ ಇಲ್ಲ ಮೇಡಂ," ಎಂದರು ಸಿಸ್ಟರ್. ಆಮೇಲೆ ತಾವೇ ದನಿ ತಗ್ಗಿಸಿ, "ಒಂದು ಪರದೆ ಹಾಕಿಸಿಕೊಟ್ರೆ ನಾನು ಕೇಳ್ತೀನಿ," ಎಂದರು. ಪರದೆಯ ಬಟ್ಟೆಯನ್ನು ನಾವು ತಂದಿದ್ದೇವೆ. ಕಾಲಂ ಇಲಾಖೆ ಕೊಡಬೇಕು.