ಅಟ್ಟದ ಮೇಲಿನ ಕ್ಯಾಸೆಟ್ಟುಗಳು

ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆ ತುಂಬ ಹಳೆಯ ಕ್ಯಾಸೆಟ್ಟುಗಳಿರುವ ಮನೆಗಳು ಇನ್ನೂ ಎಷ್ಟೋ ಇವೆ. ಅವನ್ನು ಜೋಡಿಸಲು ಕೂತವರು ಸಾಮಾನ್ಯವಾಗಿ ಭಾವಗೀತೆ, ಭಕ್ತಿಗೀತೆ, ಸಿನಿಮಾ ಹಾಡು ಎಂದು ವಿಂಗಡಿಸುತ್ತಾರೆ. ನನ್ನ ಕೇಳಿದರೆ ಮೊದಲು ಎರಡೇ ಗುಂಪು ಸಾಕು: ಅಂಗಡಿಯಿಂದ ತಂದವು, ಮನೆಯಲ್ಲಿ ರೆಕಾರ್ಡ್ ಮಾಡಿದವು. ಸಿ. ಅಶ್ವತ್ಥ್, ಮೈಸೂರು ಅನಂತಸ್ವಾಮಿಯವರ ಹಾಡು ಈಗ ಫೋನಿನಲ್ಲೇ ಸಿಗುತ್ತದೆ. ಅಜ್ಜಿ ಹಾಡಿದ ಸೋಬಾನೆ ಪದ, ದುಬೈಗೆ ಹೋದ ಚಿಕ್ಕಪ್ಪ ಕಾಗದದ ಬದಲು ಮಾತಾಡಿ ಕಳಿಸಿದ ಕ್ಯಾಸೆಟ್ಟು ಇನ್ನೆಲ್ಲಿ ಸಿಕ್ಕೀತು?

ಹೊರಗಿನ ಚೀಟಿ ನೋಡಿ ಮೋಸಹೋಗಬೇಡಿ. ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಎರಡು ಪುಟ್ಟ ಗುಳಿಗಳಿರುತ್ತವೆ. ಅವಕ್ಕೆ ಅಂಟುಪಟ್ಟಿ ಹಚ್ಚಿದ್ದರೆ, ಕೊಂಡು ತಂದ ಸಿನಿಮಾ ಹಾಡಿನ ಮೇಲೆ ಯಾರೋ ಮಗುವಿನ ತೊದಲು ಮಾತು ತುಂಬಿಸಿರಬಹುದು! ಮನೆಯವರ ದನಿ ಇರುವ ಕ್ಯಾಸೆಟ್ಟುಗಳ ಅಂಟುಪಟ್ಟಿ ಕಿತ್ತುಬಿಡಿ. ಗುಳಿಗೆ ಪ್ಲಾಸ್ಟಿಕ್ ಮುಚ್ಚಳ ಇನ್ನೂ ಇದ್ದರೆ ಮುರಿಯಿರಿ. ಆಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಹೋದರೂ ಅದು ಕೂರುವುದಿಲ್ಲ.

ಕೇಳುವ ಆತುರದಲ್ಲಿ ಅವನ್ನೇ ಮೊದಲು ಹಾಕಬೇಡಿ. ಬಹುಕಾಲ ಮೂಲೆಯಲ್ಲಿದ್ದ ಟೇಪ್ ರೆಕಾರ್ಡರು ಟೇಪನ್ನು ನುಂಗುವುದುಂಟು. ಹೋದರೂ ಚಿಂತೆಯಿಲ್ಲದ ಒಂದು ಹಾಡಿನ ಕ್ಯಾಸೆಟ್ಟು ಹಾಕಿ ಪರೀಕ್ಷಿಸಿ. ಸಡಿಲವಾದ ಟೇಪನ್ನು ಸುತ್ತಲು ಆರು ಮೂಲೆಯ ಪೆನ್ಸಿಲೇ ಸಾಕು, ಈ ಕೆಲಸ ಮಕ್ಕಳಿಗೆ ಬಿಡಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಟೇಪಿನ ಸುರುಳಿಯ ಮೇಲೆ ಬಿಳಿ ಬೂಸ್ಟು ಕಂಡರೆ ಅದನ್ನು ಬೇರೆಯಿಡಿ. ನುಡಿಸಿದರೆ ಬೂಸ್ಟು ಯಂತ್ರಕ್ಕೆ ಅಂಟಿ, ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಬಿಸಿಲಿಗಂತೂ ಇಡಲೇಬೇಡಿ.

ಇಡುವ ಜಾಗ ತಂಪಾಗಿ ಒಣಗಿರಲಿ, ಸ್ಪೀಕರಿನ ಅಯಸ್ಕಾಂತದಿಂದ ದೂರವಿರಲಿ. ಪುಸ್ತಕದ ಹಾಗೆ ನಿಲ್ಲಿಸಿ. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುತ್ತದಲ್ಲ, ತೇವ ಹೀರುವ ಹರಳಿನ ಪುಟ್ಟ ಪೊಟ್ಟಣ, ಅಂಥವು ಎರಡು ಜೊತೆಗಿರಲಿ.

ನಂಬರು ಕೊಡುವಾಗ ಡಬ್ಬಿಯ ಮೇಲೂ ಕ್ಯಾಸೆಟ್ಟಿನ ಮೇಲೂ ಬರೆಯಿರಿ, ಡಬ್ಬಿಗಳು ಅದಲುಬದಲಾಗದ ಮನೆ ನಾನು ಕಂಡಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಆ ನಂಬರಿನೆದುರು ದನಿ ಯಾರದು, ಯಾವ ಸಂದರ್ಭದ್ದು ಎಂದು ಗುರುತುಹಾಕಿ. ಇದಕ್ಕೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲೇಬೇಕು. ಮದುವೆಮನೆಯ ಗದ್ದಲದ ನಡುವೆ ನಕ್ಕವಳು ಯಾರೆಂದು ಹೇಳಬಲ್ಲವರು ಅವರೊಬ್ಬರೇ. ಈ ಭಾನುವಾರ ಎರಡು ಕ್ಯಾಸೆಟ್ಟು ಮುಗಿದರೂ ಆಯಿತು, ಕೇಳುತ್ತಿರುವಾಗಲೇ ಫೋನಿಗೂ ತುಂಬಿಸಿಕೊಳ್ಳಿ.