ಸರಿನ್ ತಯಾರಿಸುವುದು ಅಪರಾಧವೇ ಆಗಿರಲಿಲ್ಲ!

1994ರ ಜೂನ್‌ನಲ್ಲಿ ಜಪಾನಿನ ಮತ್ಸುಮೊಟೊ ನಗರದಲ್ಲಿ ಸರಿನ್ ವಿಷಾನಿಲಕ್ಕೆ ಜನ ಸತ್ತರು. 1995ರ ಜನವರಿ 1ರಂದು ಪತ್ರಿಕೆಯೊಂದರಲ್ಲಿ ಸುದ್ದಿ ಬಂತು: ಓಂ ಶಿನ್ರಿಕ್ಯೊ ಪಂಥದ ನೆಲೆಯ ಹತ್ತಿರದ ಮಣ್ಣಿನಲ್ಲಿ ಸರಿನ್ ಕುರುಹು ಸಿಕ್ಕಿದೆ. ಮಾರ್ಚ್ 20ರಂದು ಅದೇ ಪಂಥ ಟೋಕಿಯೊ ಸುರಂಗ ರೈಲಿನಲ್ಲಿ ಅದೇ ವಿಷ ಬಿಟ್ಟಿತು.

ಅಲ್ಲೀವರೆಗೆ ಪೊಲೀಸರು ಏನ್ ಮಾಡ್ತಿದ್ದರು ಅಂತ ಕೇಳಬಹುದು. ಅವರ ತಪ್ಪುಗಳೂ ಇದ್ದವು. ಆದರೆ ಸರಿನ್ ತಯಾರಿಸುವುದನ್ನೇ ಅಪರಾಧ ಎನ್ನುವ ಕಾನೂನು ಆಗ ಜಪಾನಿನಲ್ಲಿ ಇರಲಿಲ್ಲ. ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದಕ್ಕೆ ಆ ದೇಶ 1993ರಲ್ಲೇ ಸಹಿ ಹಾಕಿತ್ತು. ಕಾನೂನು ಬಂದಿದ್ದು ದಾಳಿಯಾದ ಮರುತಿಂಗಳು.

ಒಪ್ಪಂದ ಸರ್ಕಾರಗಳನ್ನು ಕಟ್ಟಿಹಾಕುತ್ತದೆ. ಒಬ್ಬ ವ್ಯಕ್ತಿಯನ್ನು, ಒಂದು ಕಂಪನಿಯನ್ನು ಹಿಡಿಯೋಕೆ ಆ ದೇಶದ್ದೇ ಕಾಯ್ದೆ ಬೇಕು. ಒಪ್ಪಂದದ 7ನೇ ವಿಧಿ ಹೇಳುವುದೂ ಇದನ್ನೇ.

ಭಾರತ 1996ರಲ್ಲಿ ಒಪ್ಪಂದವನ್ನು ಅನುಮೋದಿಸಿತು. ತನ್ನ ಬಳಿ ರಾಸಾಯನಿಕ ಅಸ್ತ್ರಗಳಿವೆ ಎಂದು 1997ರಲ್ಲಿ ಘೋಷಿಸಿ, 2009ರ ಹೊತ್ತಿಗೆ ಎಲ್ಲವನ್ನೂ ನಾಶಮಾಡಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಸಂಸತ್ತು 2000ದಲ್ಲಿ ಪಾಸು ಮಾಡಿದ ಕಾಯ್ದೆ ಜಾರಿಗೆ ಬಂದಿದ್ದು 2005ರಲ್ಲಿ. ಈಗ ಪಟ್ಟಿಯಲ್ಲಿರುವ ರಾಸಾಯನಿಕ ತಯಾರಿಸುವ ಕಾರ್ಖಾನೆ ಲೆಕ್ಕ ಕೊಡಬೇಕು, ತಪಾಸಣೆಗೆ ಬಾಗಿಲು ತೆರೆಯಬೇಕು. ಬಾಲ್‌ಪೆನ್ ಶಾಯಿಗೆ ಬಳಸುವ ಥಯೋಡೈಗ್ಲೈಕಾಲ್ ಕೂಡ ಆ ಪಟ್ಟಿಯಲ್ಲಿದೆ. ಯಾಕಂದ್ರೆ ಮಸ್ಟರ್ಡ್ ಅನಿಲದ ಕಚ್ಚಾವಸ್ತುವೂ ಅದೇ.

ಜೈವಿಕ ಅಸ್ತ್ರಗಳ ಕಥೆ ಬೇರೆ. 1975ರಲ್ಲಿ ಜಾರಿಯಾದ ಆ ಒಪ್ಪಂದಕ್ಕೆ ಇವತ್ತಿಗೂ ತಪಾಸಣೆ ಮಾಡುವ ಸಂಸ್ಥೆಯೇ ಇಲ್ಲ. ನಮ್ಮಲ್ಲಿ 2005ರ ಸಮೂಹನಾಶಕ ಅಸ್ತ್ರಗಳ ಕಾಯ್ದೆ ಅವನ್ನು ನಿಷೇಧಿಸುತ್ತದೆ. 2022ರ ತಿದ್ದುಪಡಿ ಅವಕ್ಕೆ ಹಣ ಒದಗಿಸುವುದನ್ನೂ ಅಪರಾಧವಾಗಿಸಿತು. ಇವೆಲ್ಲ ಶಿಕ್ಷೆಯ ಮಾತಾಯ್ತು, ಮೊದಲೇ ಪತ್ತೆ ಹಚ್ಚುವವರು ಯಾರು? ಅಪಾಯಕಾರಿ ಸೂಕ್ಷ್ಮಾಣುಜೀವಿಗಳ 1989ರ ನಿಯಮಗಳು ಬಂದಿದ್ದು ಪರಿಸರ ಮತ್ತು ಆರೋಗ್ಯದ ರಕ್ಷಣೆಗೆ, ಅಸ್ತ್ರ ತಡೆಯೋಕಲ್ಲ.

ಕಠಿಣ ನಿಯಮ ಬಂದರೆ ಸಣ್ಣ ಲ್ಯಾಬ್‌ಗಳಿಗೆ ಹೊರೆ ಅನ್ನುವ ವಾದವಿದೆ. ಅದರಲ್ಲಿ ಸತ್ಯವೂ ಇದೆ. ರಾಸಾಯನಿಕವನ್ನು ಟನ್‌ಗಳಲ್ಲಿ ಲೆಕ್ಕ ಹಾಕಬಹುದು. ತಾನೇ ಬೆಳೆಯುವ ಬ್ಯಾಕ್ಟೀರಿಯಾವನ್ನು ಹಾಗೆ ಎಣಿಸೋಕಾಗಲ್ಲ. ಹಾಗಾಗಿ ಹಳೇ ಕಾಯ್ದೆಯ ನಕಲು ಸಾಲದು. ಯಾರು ಯಾವ ಡಿಎನ್‌ಎ ತರಿಸಿಕೊಳ್ಳುತ್ತಿದ್ದಾರೆ ಎಂಬುದರ ಮೇಲೆ ಕಣ್ಣಿಡುವ ನಿಯಮ ಬೇಕು. ಬಯೋಟೆಕ್ ನಗರಿ ಅಂತ ಬೀಗುವ ಬೆಂಗಳೂರಿನ ಸಂಸದರು ಈ ಚರ್ಚೆಯನ್ನು ಲೋಕಸಭೆಯಲ್ಲಿ ಶುರು ಮಾಡಲಿ. ಜಪಾನಿನ ಹಾಗೆ ದಾಳಿಯಾದ ಮೇಲೆ ಕಾನೂನು ಬರೆಯುವ ಸ್ಥಿತಿ ನಮಗೆ ಬೇಡ.