ಆಳಂದದ ಮತದಾರರ ಪಟ್ಟಿ ಪ್ರಕರಣ: ವ್ಯಾಪಾರಸ್ಥರಿಗೂ ಒಂದು ಪಾಠ

ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದ ಮತದಾರರ ಪಟ್ಟಿ ಪ್ರಕರಣ ದೇಶದಾದ್ಯಂತ ಚರ್ಚೆಯಾಗಿದೆ. ಪಕ್ಷಗಳ ವಾದ-ವಿವಾದ ಏನೇ ಇರಲಿ, ಅಂಗಡಿ, ಅಡತಿ, ದಾಲ್ ಮಿಲ್ ನಡೆಸುವ ಕುಟುಂಬಗಳು ಇದರಿಂದ ತಿಳಿಯಬೇಕಾದ ವಿಷಯವೊಂದಿದೆ.

2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದದಲ್ಲಿ ಹೆಸರು ತೆಗೆದುಹಾಕಲು ಕೋರಿ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದವು. ಸ್ಥಳ ಪರಿಶೀಲನೆಯಲ್ಲಿ 24 ಮಾತ್ರ ಸರಿಯಾಗಿದ್ದವು. 5,994 ಅರ್ಜಿಗಳು ತಿರಸ್ಕೃತವಾದವು. 2023ರ ಫೆಬ್ರವರಿ 21ರಂದು ಪ್ರಕರಣ ದಾಖಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು.

ಅರ್ಜಿದಾರರೆಂದು ನಮೂದಾದವರು ಅದೇ ಊರಿನ ಮತದಾರರು. ಆದರೆ ಅರ್ಜಿ ಹಾಕಿದ ಸಂಗತಿಯೇ ಅವರಿಗೆ ಗೊತ್ತಿರಲಿಲ್ಲ. ಹೆಸರು ಒಬ್ಬರದು, ಮೊಬೈಲ್ ಮತ್ತೊಬ್ಬರದು. ಓಟಿಪಿ ಎಂಬುದು ಫೋನ್ ಕೈಯಲ್ಲಿದೆ ಎಂದಷ್ಟೇ ಹೇಳುತ್ತದೆ, ಕೈ ಯಾರದೆಂದು ಹೇಳುವುದಿಲ್ಲ. ಆಮೇಲೆ ಚುನಾವಣಾ ಆಯೋಗ ಆಧಾರ್‌ಗೆ ಜೋಡಣೆಯಾದ ಮೊಬೈಲ್ ಮೂಲಕ ಇ-ಸಹಿಯ ವ್ಯವಸ್ಥೆ ತಂದಿತು.

ಇದೇ ಸಂದು ವ್ಯಾಪಾರದಲ್ಲೂ ಇದೆ. ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ, ಹತ್ತಿ ವ್ಯವಹಾರವೆಲ್ಲ ಈಗ ಜಿಎಸ್‌ಟಿ, ಇ-ವೇ ಬಿಲ್, ಬ್ಯಾಂಕ್ ಆ್ಯಪ್‌ಗಳ ಮೇಲೆ ನಿಂತಿದೆ. ಎಷ್ಟೋ ಅಂಗಡಿಗಳಲ್ಲಿ ಪಾಸ್‌ವರ್ಡ್ ಲೆಕ್ಕ ಬರೆಯುವವರ ಬಳಿ, ಓಟಿಪಿ ತೆರಿಗೆ ಸಲಹೆಗಾರರ ಫೋನಿಗೆ. ತಂದೆ, ಮಕ್ಕಳು, ಗುಮಾಸ್ತ ಎಲ್ಲರಿಗೂ ಒಂದೇ ಲಾಗಿನ್. ನಾಳೆ ಸುಳ್ಳು ಬಿಲ್ ಹೊರಟರೆ ಯಾರು ಮಾಡಿದ್ದೆಂದು ಪತ್ತೆ ಹಚ್ಚುವುದು ಕಷ್ಟ. ನೋಟಿಸ್ ಮಾತ್ರ ಮಾಲೀಕರ ಹೆಸರಿಗೇ ಬರುತ್ತದೆ. ಪ್ರಾಮಾಣಿಕ ಗುಮಾಸ್ತನ ಮೇಲೂ ಸಂಶಯ ಬೀಳುತ್ತದೆ. ಬೇರೆ ಬೇರೆ ಲಾಗಿನ್ ಎಂದರೆ ಅಪನಂಬಿಕೆಯಲ್ಲ, ನಂಬಿದವರಿಗೂ ಅದು ರಕ್ಷಣೆ.

ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್‌ಗೆ ಎರಡು ಹಂತದ ದೃಢೀಕರಣವನ್ನು 2025ರ ಜನವರಿ 1ರಿಂದ 20 ಕೋಟಿ ಮೀರಿದ ವಹಿವಾಟಿಗೆ, ಫೆಬ್ರವರಿ 1ರಿಂದ 5 ಕೋಟಿ ಮೀರಿದವರಿಗೆ, ಏಪ್ರಿಲ್ 1ರಿಂದ ಎಲ್ಲರಿಗೂ ಕಡ್ಡಾಯ ಮಾಡಲಾಗಿದೆ. ಆದರೆ ಓಟಿಪಿಯನ್ನೇ ಫೋನಿನಲ್ಲಿ ಓದಿ ಹೇಳಿದರೆ ಬೀಗ ಹಾಕಿ ಕೀಲಿ ಬಾಗಿಲಿಗೇ ನೇತುಹಾಕಿದಂತೆ.

ಸಮಾಜ ಬಾಂಧವರು ಈ ಕೆಲಸಗಳನ್ನು ಕೂಡಲೇ ಮಾಡಬಹುದು:

• ಜಿಎಸ್‌ಟಿಯಲ್ಲಿ ನೋಂದಣಿಯಾದ ಮೊಬೈಲ್, ಇ-ಮೇಲ್ ಮಾಲೀಕರದೇ ಇದೆಯೇ ನೋಡಿ, ಇಲ್ಲದಿದ್ದರೆ ಬದಲಿಸುವುದು.
• ಇ-ವೇ ಬಿಲ್ ಪೋರ್ಟಲ್‌ನಲ್ಲಿ ಪ್ರತಿ ಸಿಬ್ಬಂದಿಗೆ ಪ್ರತ್ಯೇಕ ಉಪ-ಬಳಕೆದಾರ ಖಾತೆ ತೆರೆಯುವುದು. ಕೆಲಸ ಬಿಟ್ಟ ದಿನವೇ ಅದನ್ನು ನಿಲ್ಲಿಸುವುದು.
• ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಸಂಖ್ಯೆ ಹಾಕಿ, ತಮಗೆ ಗೊತ್ತಿಲ್ಲದ ನೋಂದಣಿ ಇದೆಯೇ ಎಂದು ಹುಡುಕುವುದು.
• ಸಂಚಾರ್ ಸಾಥಿಯಲ್ಲಿ ತಮ್ಮ ಹೆಸರಿನ ಸಿಮ್‌ಗಳನ್ನು ಪರಿಶೀಲಿಸುವುದು. ಆಧಾರ್ ಬೆರಳಚ್ಚನ್ನು ಲಾಕ್ ಮಾಡುವುದು.
• ರೈತರ ಆಧಾರ್, ಪಾಸ್‌ಬುಕ್ ಫೋಟೊಗಳನ್ನು ವಾಟ್ಸಾಪ್ ಗುಂಪಿಗೆ ಹಾಕದಿರುವುದು.
• ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡುವುದು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಬರಹ ಸೃಷ್ಟಿಸುವುದನ್ನು ಹೇಳಿದೆ. ನ್ಯಾಸಾಪಹಾರ, ಅಂದರೆ ನಂಬಿ ಇಟ್ಟದ್ದನ್ನು ಅಪಹರಿಸುವುದು, ಅದೇ ಸಾಲಿನಲ್ಲಿದೆ. ಗ್ರಾಹಕರು ಕೊಟ್ಟ ಮಾಹಿತಿಯೂ ಇಂದು ಒಂದು ನ್ಯಾಸವೇ. ಅದನ್ನು ನಾವು ಕದಿಯದಿದ್ದರೆ ಸಾಲದು, ಕಳುವಾಗದಂತೆ ಕಾಯುವುದೂ ಶ್ರಾವಕರ ಹೊಣೆ.

ಆಳಂದದಲ್ಲಿ ಸ್ಥಳಕ್ಕೆ ಹೋಗಿ ವಿಚಾರಿಸಿದ್ದರಿಂದ ಹೆಸರುಗಳು ಉಳಿದವು. ಅಂಗಡಿಯ ಲಾಗಿನ್‌ಗೆ ಅಂಥ ಪರಿಶೀಲಕರು ಬರುವುದಿಲ್ಲ. ವಾರಕ್ಕೊಮ್ಮೆ ಕಿರ್ದಿ ನೋಡುವಂತೆ ಪೋರ್ಟಲ್‌ನಲ್ಲಿ ತಮ್ಮ ಹೆಸರಿನ ಬಿಲ್‌ಗಳನ್ನೂ ಮಾಲೀಕರೇ ತೆರೆದು ನೋಡಬೇಕು.